ಜೀಪಿನ ಹೊಟ್ಟೆಯೂ ಅಕ್ಕನ ಕಾಲೂ

ಗಾಡಿ ಕಂಡರೆ ಜನ ಬಣ್ಣ ನೋಡುತ್ತಾರೆ, ಸೀಟು ಒತ್ತಿ ನೋಡುತ್ತಾರೆ, ಮೈಲೇಜು ಕೇಳುತ್ತಾರೆ. ನಾನು ಬಗ್ಗಿ ಅದರ ಹೊಟ್ಟೆ ನೋಡುತ್ತೇನೆ. ಮದುವೆ ಛತ್ರದ ಮುಂದೆ ನಿಂತ ಕಾರುಗಳ ಅಡಿಗೆ ನಾನು ತಲೆ ಹಾಕಿದ್ದನ್ನು ಕಂಡು ಬೀಗರ ಕಡೆಯವರೊಬ್ಬರು, ಪಾಪ, ಚಪ್ಪಲಿ ಕಳೆದಿದೆಯೆಂದು ತಾವೂ ಬಗ್ಗಿ ಹುಡುಕಿದ್ದುಂಟು. ನನಗೆ ಬೇಕಾದದ್ದು ಇಷ್ಟೇ: ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವೆ ಎಷ್ಟು ಜಾಗವಿದೆ? ಈ ಚಟ ಹತ್ತಿಸಿದ್ದು ಒಂದು ಕಲ್ಲು.

ಮದಕರಿಪುರದ ಆಚೆ ನಮಗೆ ನಾಲ್ಕು ಎಕರೆ ಹೊಲವಿದೆ. ಪಹಣಿಯಲ್ಲಿರುವುದು ನನ್ನ ಹೆಸರು. ಆದರೆ ಅಲ್ಲಿನ ಹುಣಸೆಮರ, ಕನಕಾಂಬರದ ಮಡಿ, ಬದುವಿನ ತೊಗರಿ ಎಲ್ಲವೂ ಕೇಳುವುದು ನನ್ನ ಶಾಂತಕ್ಕನ ಮಾತನ್ನು. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು, ಈಗ ಎಪ್ಪತ್ತು. ಅವ್ವ ಬೇಗ ಹೋದಳು; ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕನೇ. ಈಗ ದುರ್ಗದಲ್ಲಿ ನಮ್ಮ ಜೊತೆಗೇ ಇದ್ದಾಳೆ. ಪ್ರತಿ ಭಾನುವಾರ ನನ್ನ ಹಳೆಯ ಜೀಪಿನಲ್ಲಿ ಹೊಲಕ್ಕೆ ಹೋಗಿ ಬರಬೇಕು, ಇಲ್ಲದಿದ್ದರೆ ಅವಳಿಗೆ ವಾರ ಮುಗಿಯುವುದಿಲ್ಲ.

ಹೊಲದ ದಾರಿಯ ನಟ್ಟನಡುವೆ ಒಂದು ಬಂಡೆ ತಲೆಯೆತ್ತಿದೆ. ಅದನ್ನು ಒಡೆಸಬಾರದೇ ಎಂದು ಕೇಳುವವರು ನಮ್ಮ ಕಡೆಯವರಲ್ಲ. ದುರ್ಗದ ಸೀಮೆಯಲ್ಲಿ ಒಂದು ಬಂಡೆಗೆ ಕೈ ಹಾಕಿದರೆ ಅದರ ಬೇರು ಕೋಟೆಯವರೆಗೂ ಹೋಗಿರುತ್ತದೆ. ನಮ್ಮ ಹಿರಿಯರು ಕಲ್ಲಿನ ತಂಟೆಗೆ ಹೋಗದೆ ಗಾಡಿಯ ಗಾಲಿಯನ್ನೇ ಎದೆಯುದ್ದ ಮಾಡಿಕೊಂಡರು. ಎತ್ತಿನ ಗಾಡಿಗಳ ಅಚ್ಚು ಆ ಬಂಡೆಯ ಮೇಲೆ ಅನಾಯಾಸವಾಗಿ ದಾಟಿಹೋಗುತ್ತಿತ್ತು. ಟ್ರ್ಯಾಕ್ಟರೂ ದಾಟುತ್ತದೆ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುತ್ತದೆಂದು ನಾನು ಕಂಡವರ ಮುಂದೆಲ್ಲ ಜಂಬ ಕೊಚ್ಚುವ ಜೀಪು ಮಾತ್ರ ಅಲ್ಲಿ ಹೊಟ್ಟೆ ಉಜ್ಜಿಕೊಂಡು ನರಳುತ್ತಿತ್ತು. ಆದ್ದರಿಂದ ಬಂಡೆ ಬಂದಾಗ ಅಕ್ಕ ಇಳಿಯುತ್ತಿದ್ದಳು. ಮುಂದೆ ನಿಂತು "ಬಲಕ್ಕೆ ಬಾ, ಇನ್ನೂ ಬಲಕ್ಕೆ" ಎಂದು ಕೈ ಬೀಸಿ ನನ್ನನ್ನು ದಾಟಿಸಿ ಮತ್ತೆ ಹತ್ತುತ್ತಿದ್ದಳು.

ಹೋದ ವರ್ಷದಿಂದ ಅವಳಿಗೆ ಮೊಣಕಾಲು ನೋವು ಜಾಸ್ತಿಯಾಯಿತು. ಇಳಿಯುವಾಗ ಹಲ್ಲು ಕಚ್ಚುವುದು ನನಗೆ ಕಾಣುತ್ತಿತ್ತು. ಒಂದು ದಿನ ತೀರ್ಮಾನಿಸಿದೆ, ಜೀಪಿನ ಹೊಟ್ಟೆಯನ್ನೇ ಮೇಲಕ್ಕೆತ್ತಿಸಿದರೆ ಅಕ್ಕ ಇಳಿಯುವುದೇ ಬೇಡ.

ಹೊಳಲ್ಕೆರೆ ರಸ್ತೆಯಲ್ಲಿ ಬಾಷಾ ಎಂಬ ಮೆಕ್ಯಾನಿಕ್ ಇದ್ದಾನೆ. ಜೀಪಿನ ಅಡಿಗೆ ನುಸುಳಿ ಎದ್ದು ಬಂದವನು ಕೈ ಒರೆಸಿಕೊಂಡು ಹೇಳಿದ, "ಮೇಷ್ಟ್ರೇ, ಇದರ ಸ್ಪ್ರಿಂಗ್ ಪಟ್ಟಿ ಅಚ್ಚಿನ ಕೆಳಗೈತೆ. ಅದನ್ನ ಮ್ಯಾಲೆ ಕೂರಿಸ್ತೀನಿ. ಚಾಸಿಗೆ, ಅದೇ ಗಾಡಿ ಅಡಿಚೌಕಟ್ಟಿಗೆ, ಅಡ್ಡಕ್ಕೆ ಗೇರ್‌ಬಾಕ್ಸ್ ಹೊತ್ತಿರೋ ಕಬ್ಬಿಣ ಐತಲ್ಲ, ಅದು ಜೋತುಬಿದ್ದೈತೆ. ಅದನ್ನ ತೆಗೆದು ಬ್ಯಾರೇದು ಎತ್ತರಕ್ಕೆ ವೆಲ್ಡಿಂಗ್ ಮಾಡ್ತೀನಿ. ಕಲ್ಲು ಎಷ್ಟೆತ್ತರ ಐತೆ ಹೇಳ್ರಿ."

"ಒಂದು ಗೇಣು, ನಾಲ್ಕು ಬೆರಳು" ಎಂದೆ.

ಇಲ್ಲಿ ತಪ್ಪೊಪ್ಪಿಕೊಳ್ಳಬೇಕು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು ನಾನು. ಗೇಣು, ಮೊಳ, ಮಾರು ಒಬ್ಬೊಬ್ಬರಿಗೆ ಒಂದೊಂದು ಥರ, ಅಳತೆಗೆ ಅವು ಸಲ್ಲವು ಎಂದು ವರ್ಷವರ್ಷವೂ ಮಕ್ಕಳಿಂದ ಬರೆಸಿದ್ದೇನೆ. ಆದರೆ ಬಂಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತಾಗ ಟೇಪು ಮನೆಯಲ್ಲಿತ್ತು, ಕೈ ಜೊತೆಯಲ್ಲಿತ್ತು. ಯಾರ ದೇಹವಾದರೂ ಅವರವರ ಗೇಣಿನಲ್ಲಿ ಎಂಟು ಗೇಣಂತೆ. ನಾನು ಐದಡಿ ಚಿಲ್ಲರೆ, ಬಾಷಾ ಆರಡಿ. ನಾನು ಹೇಳಿದ ಗೇಣನ್ನು ಅವನು ತನ್ನ ಗೇಣಿನಲ್ಲಿ ಅಳೆದ. ಸ್ಪ್ರಿಂಗ್ ಪಟ್ಟಿಯನ್ನು ಅಚ್ಚಿನ ಮೇಲೆ ಕೂರಿಸಿದರೂ ಸಾಲದೆಂದು, ಅದನ್ನು ಚಾಸಿಗೆ ತೂಗುಹಾಕುವ ಕೊಂಡಿಗಳನ್ನೂ ಉದ್ದ ಮಾಡಿದ.

ಮನೆಗೆ ಬಂದ ಜೀಪಿನ ಅಡಿಯಲ್ಲಿ ನಮ್ಮ ಬೀದಿಯ ನಾಯಿಗಳು ತಲೆ ತಗ್ಗಿಸದೆ ಓಡಾಡಿದವು. ಶನಿವಾರ ಒಬ್ಬನೇ ಹೋಗಿ ಬಂಡೆ ದಾಟಿಸಿದೆ, ಸದ್ದೇ ಇಲ್ಲ. ಎಲ್ಲಿಲ್ಲದ ಹೆಮ್ಮೆಯಲ್ಲಿ ವಾಪಸು ಬಂದೆ.

ಭಾನುವಾರ ಅಕ್ಕ ಬುತ್ತಿ ಹಿಡಿದು ಬಂದಳು. ಕಾಲೆತ್ತಿದಳು, ಇಳಿಸಿದಳು. ಮತ್ತೊಮ್ಮೆ ಎತ್ತಿದಳು. ನಾನು ಪ್ಲಾಸ್ಟಿಕ್ ಸ್ಟೂಲು ತಂದಿಟ್ಟೆ, ಅದು ಅಲ್ಲಾಡಿತು. ಹಿಂದಿನಿಂದ ಎತ್ತಲು ಹೋದೆ.

"ಬೀದೀಲಿ ಮಾನ ಕಳೀಬ್ಯಾಡ ಕಣೋ" ಎಂದು ಕೈ ತಳ್ಳಿದಳು. ಸ್ವಲ್ಪ ಹೊತ್ತು ಸೆರಗು ಸರಿಮಾಡಿಕೊಳ್ಳುತ್ತ ನಿಂತು, "ನೀನೇ ಹೋಗ್ಬಾ ತಮ್ಮ. ನಂಗೆ ಹಪ್ಪಳ ಮಾಡೋದೈತೆ" ಎಂದಳು.

ಆಕಾಶದ ತುಂಬ ಮೋಡ. ಆ ಮೋಡದಲ್ಲಿ ಯಾವ ಹಪ್ಪಳ?

ಮೂರು ಭಾನುವಾರ ಒಬ್ಬನೇ ಹೋದೆ. ಹೊಲದಲ್ಲಿ ಕೆಲಸ ಮಾಡುವ ತಿಪ್ಪಮ್ಮ ಮೂರು ಸಲವೂ "ಅಕ್ಕಾರು ಯಾಕ್ ಬರ್ಲಿಲ್ರಿ?" ಎಂದು ಕೇಳಿದಳು. ಕನಕಾಂಬರ ಬಿಡಿಸಲು ಹೋಗಿ ಬಿರಿಯದ ಮೊಗ್ಗನ್ನೂ ಕಿತ್ತು ತಂದೆ. ಅಕ್ಕ ಅದನ್ನು ನೋಡಿಯೂ ಬೈಯಲಿಲ್ಲ. "ಹುಣಸೆ ಹೂ ಬಿಟ್ಟೈತಾ?" ಎಂದಷ್ಟೇ ಕೇಳಿದಳು. ನಾನು ಮರದ ಕಡೆ ನೋಡಿರಲೇ ಇಲ್ಲ, ಆದರೂ ಹೂಂ ಎಂದೆ. ಅವಳಿಗೆ ಗೊತ್ತಾಯಿತು. ಅಕ್ಕನಿಗೆಂದು ಎತ್ತಿಸಿದ ಗಾಡಿ ಅಕ್ಕನನ್ನೇ ಬಿಟ್ಟು ಹೋಗುತ್ತಿದೆಯಲ್ಲ ಎಂದು ನನಗೆ ಆ ರಾತ್ರಿ ಅನ್ನ ಸೇರಲಿಲ್ಲ.

ಬೆಳಿಗ್ಗೆಯೇ ಬಾಷಾನ ಬಳಿಗೆ ಓಡಿದೆ. ಪೂರ್ತಿ ಕೇಳಿಸಿಕೊಂಡು, "ಕಲ್ಲಿನ ಅಳತೆ ಕೊಟ್ರಿ. ಅಕ್ಕಾರ ಕಾಲಿನ ಅಳತೆ ಕೊಡ್ಲಿಲ್ಲಲ್ರಿ ಮೇಷ್ಟ್ರೇ" ಎಂದ. ನಂತರ ತಾನೇ ಮನೆಗೆ ಬಂದ. ಅಕ್ಕನನ್ನು ಗೋಡೆಯ ಪಕ್ಕ ನಿಲ್ಲಿಸಿ, ಕಾಲೆತ್ತಲು ಹೇಳಿದ.

"ನೋವು ಬರೋತಂಕ ಎತ್ತಬ್ಯಾಡ್ರಿ ಅಕ್ಕ. ಅದಕ್ಕಿಂತ ಎರಡು ಬೆರಳು ಮುಂಚೆ ನಿಲ್ಲಿಸ್ರಿ."

ಅಕ್ಕ ನಾಚಿಕೊಂಡೇ ಕಾಲೆತ್ತಿದಳು. ಬಾಷಾ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಈ ಸಲ ಅವನು ಕೇಳುವ ಮೊದಲೇ ನಾನು ಟೇಪು ತಂದುಕೊಟ್ಟೆ. ಉದ್ದ ಮಾಡಿದ್ದ ಕೊಂಡಿಗಳನ್ನು ತೆಗೆದು ಹಳೆಯವನ್ನೇ ಹಾಕಿದ. ಚಾಸಿಯಿಂದ ಬಿಚ್ಚಿಟ್ಟಿದ್ದ ಅಡ್ಡ ಕಬ್ಬಿಣವನ್ನು ಕತ್ತರಿಸಿ, ಬಾಗಿಲ ಕೆಳಗೆ ಒಂದು ಮೆಟ್ಟಿಲು ಮಾಡಿದ. ಬೇಕಾದಾಗ ಇಳಿಬಿಡಬಹುದು, ಬೇಡವಾದಾಗ ಮಡಿಚಿಡಬಹುದು. ಇಷ್ಟು ದಿನ ಕಲ್ಲಿಗೆ ತಾಗುತ್ತಿದ್ದ ಕಬ್ಬಿಣವೇ ಅಕ್ಕನ ಕಾಲಿಗೆ ಆಸರೆಯಾಯಿತು.

ಮುಂದಿನ ಭಾನುವಾರ ಅಕ್ಕ ಮೆಟ್ಟಿಲ ಮೇಲೆ ಕಾಲಿಟ್ಟು, ಹಿಡಿಕೆ ಹಿಡಿದು, ಒಂದೇ ಸಲಕ್ಕೆ ಹತ್ತಿ ಕೂತಳು. "ಹೂಂ, ಹೋಗಾಣ ನಡಿ" ಎಂದಳು. ಖುಷಿಯ ಭರದಲ್ಲಿ ನನ್ನ ಕೈಯಲ್ಲಿ ಜೀಪು ಎರಡು ಸಲ ಆಫಾಯಿತು.

ಬಂಡೆ ಬಂತು. "ಇನ್ನು ನೀನು ಇಳಿಯೋ ಹಂಗಿಲ್ಲ ಅಕ್ಕ. ಆರಾಮಾಗಿ ಕುಂತ್ಕ" ಎಂದೆ. ಈ ಮಾತು ಹೇಳಲೆಂದೇ ನಾನು ಇಷ್ಟೆಲ್ಲ ಪಾಡು ಪಟ್ಟಿದ್ದೆ.

"ನಿಲ್ಸು" ಎಂದಳು.

"ಕಲ್ಲು ತಾಗಲ್ಲ ಅಕ್ಕ."

"ಗಾಡಿ ಎತ್ತರ ಆಗೈತೆ, ಸರಿ. ಓಡ್ಸೋನು ನೀನೇ ಅಲ್ವೇನೋ?"

ಮೆಟ್ಟಿಲು ಇಳಿಬಿಟ್ಟೆ. ಹಿಡಿಕೆ ಹಿಡಿದು ನಿಧಾನಕ್ಕೆ ಇಳಿದಳು, ಹಲ್ಲು ಕಚ್ಚಲಿಲ್ಲ. ಬಂಡೆಯ ಆಚೆ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯೆತ್ತಿದಳು.

"ಬಲಕ್ಕೆ ಬಾ. ಇನ್ನೂ ಬಲಕ್ಕೆ."

ನೇರ ಹೋಗಿದ್ದರೂ ಕಲ್ಲಿನ ಮೇಲೆ ನಾಲ್ಕು ಬೆರಳು ಜಾಗ ಉಳಿಯುತ್ತಿತ್ತು. ನಾನು ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದೆ.