ಹನ್ನೊಂದು ಗಂಟೆಯ ಸ್ವಂತ ಕಾರಣ

ಮನೆಯ ಸಂಗತಿ ಆಫೀಸಿಗೆ ಗೊತ್ತಾಗಬಾರದು ಎಂಬುದು ನಾನು ಸೊಸೆಗೆ ಕೊಟ್ಟ ಮೊದಲ ಬುದ್ಧಿವಾದ. ಅವಳು ಕೇಳಿರಲಿಲ್ಲ, ನಾನೇ ಕೊಟ್ಟೆ. ಕೇಳದಿದ್ದರೂ ಬುದ್ಧಿ ಹೇಳುವುದು ನನ್ನ ಹುಟ್ಟುಗುಣ. ಅದಕ್ಕೆ ಮುಂಬೈ ಮುಲುಂಡಿನ ನಮ್ಮ ಬಿಲ್ಡಿಂಗಿನ ನಾಲ್ಕೂ ಮಹಡಿಯವರು ಸಾಕ್ಷಿ ಹೇಳುತ್ತಾರೆ.

ಆದರೆ ಈ ಬುದ್ಧಿ ನನಗೆ ಪುಕ್ಕಟೆ ಬಂದದ್ದಲ್ಲ. ಮದುವೆಯಾಗಿ ಮೈಸೂರಿನಿಂದ ಬಂದ ಹೊಸದರಲ್ಲಿ ನಾನು ಪರೇಲಿನ ಒಂದು ಮಿಲ್ಲಿನ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ನನ್ನ ಬೆರಳು ಎಷ್ಟು ಚುರುಕೆಂದರೆ, ಸಾಹೇಬರು ಹೇಳಿ ಮುಗಿಸಿದ ಮರುಗಳಿಗೆಗೆ ಕಾಗದ ಅವರ ಮೇಜಿನ ಮೇಲಿರುತ್ತಿತ್ತು. ಮಗ ಹುಟ್ಟಿದ ಮೇಲೆ, ಅವನಿಗೆ ಜ್ವರವೆಂದು ಎರಡು ಸಲ ಬೇಗ ಹೊರಟೆ. ಮೂರನೆಯ ಸಲ ಕೇಳಿದಾಗ ಸಾಹೇಬರು ಇಡೀ ಕೋಣೆಗೆ ಕೇಳಿಸುವಂತೆ, "ಇದು ಆಫೀಸೋ, ಬಾಲವಾಡಿಯೋ?" ಎಂದರು. ಎಲ್ಲರೂ ನಕ್ಕರು. ತಿಂಗಳೊಳಗೆ ನನ್ನ ರಾಜೀನಾಮೆಯನ್ನು ನಾನೇ ಟೈಪ್ ಮಾಡಿದೆ. "ಸ್ವಂತ ಕಾರಣಗಳಿಂದ" ಎಂದಷ್ಟೇ ಬರೆದೆ. ಒಂದು ಅಕ್ಷರವೂ ತಪ್ಪಿರಲಿಲ್ಲ.

ಸೊಸೆಯ ಆಫೀಸೂ ಪರೇಲಿನಲ್ಲೇ, ಗಾಜಿನ ಎತ್ತರದ ಕಟ್ಟಡದಲ್ಲಿ. ಆಸ್ಪತ್ರೆಗಳಿಂದ ಬರುವ ವಿಮೆಯ ಕಡತಗಳನ್ನು ಪರಿಶೀಲಿಸುವ ಕೆಲಸ. ವಾರಕ್ಕೆ ಎರಡು ದಿನ ಮನೆಯಿಂದಲೇ ಮಾಡುತ್ತಿದ್ದಳು. ಆ ಎರಡು ದಿನ ನನಗೆ ಹಬ್ಬ. ಹುರುಳಿಕಾಯಿ ಸೋಸು, ಕೊರಿಯರ್‌ನವನು ಬಂದ ನೋಡು, ರವೆ ಹುರಿ ಎಂದು ಕೂಗುತ್ತಿದ್ದೆ. ಮನೆಯಲ್ಲಿದ್ದಾಳೆ ಅಂದರೆ ಬಿಡುವಾಗಿದ್ದಾಳೆ ಎಂದೇ ನನ್ನ ಲೆಕ್ಕ. ಅವಳು ಮುಂಬೈಯಲ್ಲೇ ಹುಟ್ಟಿ ಬೆಳೆದ ಕನ್ನಡದವಳು. "ಅತ್ತೆ, ದೋ ಮಿನಿಟ್, ಮೀಟಿಂಗ್ ಚಾಲೂ ಇದೆ," ಎನ್ನುವಳು. ಆ ಎರಡು ನಿಮಿಷ ಒಂದು ಗಂಟೆಯಾಗುತ್ತಿತ್ತು, ನನ್ನ ಮೂತಿ ಅಷ್ಟೇ ಉದ್ದವಾಗುತ್ತಿತ್ತು.

ಹೋದ ಮಳೆಗಾಲದಲ್ಲಿ ಬಿಲ್ಡಿಂಗಿನ ಮೆಟ್ಟಿಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡೆ. ಆಪರೇಷನ್ ಆಯಿತು. ದಿನಾ ಬೆಳಿಗ್ಗೆ ಒಂದು ಗಂಟೆ ಯಾರಾದರೂ ಹಿಮ್ಮಡಿ ಹಿಡಿದು ಕಾಲು ಎತ್ತಿಸಬೇಕು, ಇಲ್ಲದಿದ್ದರೆ ಮತ್ತೆ ನಡೆಯುವುದು ಕಷ್ಟ ಎಂದರು ಡಾಕ್ಟರು. ನೋವಿನ ಮಾತ್ರೆ ಹತ್ತಕ್ಕೆ. ಅದು ಹಿಡಿಯುವುದು ಹನ್ನೊಂದಕ್ಕೆ, ವ್ಯಾಯಾಮವೂ ಆಗಲೇ. ಮಗನೂ ವಾರದಲ್ಲಿ ಕೆಲವು ದಿನ ಮನೆಯಿಂದ ಕೆಲಸ ಮಾಡುತ್ತಿದ್ದ, ಆದರೆ "ನಮ್ಮ ಆಫೀಸಲ್ಲಿ ಗಂಡಸರು ಇದಕ್ಕೆಲ್ಲ ಟೈಮ್ ಕೇಳಲ್ಲಮ್ಮ," ಎಂದು ಜಾರಿಕೊಂಡ. ನಾನೂ ಹೌದಪ್ಪ ಎಂದೆ. ಸೊಸೆ ಪೂರ್ತಿ ಮನೆಯಿಂದಲೇ ಕೆಲಸ ಮಾಡಲು ಅನುಮತಿ ಕೇಳಿದಳು. ಆಗಲೂ ನನ್ನ ಬಾಯಿ ಸುಮ್ಮನಿರಲಿಲ್ಲ. "ನನ್ನ ಸೊಂಟದ ಕಥೆ ಅಲ್ಲಿ ಹೇಳಬೇಡ ಕಣೆ, ಹಗುರವಾಗಿ ನೋಡ್ತಾರೆ. ಸ್ವಂತ ಕಾರಣ ಅಂತ ಬರಿ, ಸಾಕು," ಎಂದೆ. ಪಾಪ, ಹಾಗೇ ಬರೆದಳು.

ಅವಳ ತಂಡದ ಮೀಟಿಂಗ್ ಕೂಡ ದಿನಾ ಹನ್ನೊಂದಕ್ಕೆ. ಕ್ಯಾಮೆರಾ, ಮೈಕು ಮುಚ್ಚಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಎರಡೂ ಕೈಯಲ್ಲಿ ನನ್ನ ಕಾಲು ಹಿಡಿದು ಕೂರುತ್ತಿದ್ದಳು. ಅತ್ತ ಹೆಸರು ಹಿಡಿದು ಕರೆದರೆ, ಮೈಕು ತೆರೆಯಲು ಇತ್ತ ಕಾಲು ಬಿಡುವಂತಿಲ್ಲ. ಮಿಕ್ಕ ಹೊತ್ತು ಅವಳ ಕೆಲಸವನ್ನು ನಾನು ಮಂಚದಿಂದಲೇ ನೋಡುತ್ತಿದ್ದೆ. ನೂರು ಪುಟದ ಕಡತದಲ್ಲಿ ರೋಗಿಯನ್ನು ಸೇರಿಸಿದ ದಿನಕ್ಕೂ ಎಕ್ಸ್‌ರೇ ತೆಗೆದ ದಿನಕ್ಕೂ ತಾಳೆಯಿಲ್ಲ ಎಂದು ಕಾಫಿ ಕುಡಿಯುತ್ತಲೇ ಹಿಡಿದುಬಿಡುವಳು. ಲೋಕಲ್ ಟ್ರೇನಿನಲ್ಲಿ ಕಳೆಯುತ್ತಿದ್ದ ಹೊತ್ತೆಲ್ಲ ಉಳಿದು, ನನ್ನ ಮೊಮ್ಮಗಳ ಹೋಂವರ್ಕೂ ಮುಗಿದು, ಸಂಜೆ ಒಂದು ಪರೀಕ್ಷೆಗೂ ಓದುತ್ತಿದ್ದಳು. ನನ್ನ ಹಳೆಯ ಬೆರಳುಗಳಿಗೆ ಹೊಟ್ಟೆಕಿಚ್ಚಾಯಿತು, ಆಮೇಲೆ ಹೆಮ್ಮೆಯಾಯಿತು. ರವೆ ಹುರಿ ಎನ್ನುವುದನ್ನು ಬಿಟ್ಟೆ.

ಒಂದು ಸಂಜೆ ಅಡುಗೆಮನೆಯಲ್ಲಿ ಅವಳು ಗಂಡನಿಗೆ ಮೆಲ್ಲಗೆ ಹೇಳುತ್ತಿದ್ದುದು ಕೇಳಿಸಿತು. ತಂಡದ ಮುಖ್ಯಸ್ಥೆಯ ಹುದ್ದೆಗೆ ಅವಳ ಹೆಸರಿತ್ತಂತೆ. ಆದರೆ ಹನ್ನೊಂದರ ಮೀಟಿಂಗಿನಲ್ಲಿ ಕರೆದರೆ ಉತ್ತರವೇ ಇಲ್ಲ, ಮಲಗಿರುತ್ತಾಳೇನೋ ಎಂದು ಯಾರೋ ಆಡಿಕೊಂಡರಂತೆ. ಇನ್ನು ದಿನಾ ಪರೇಲಿಗೆ ಬಂದರೆ ಮಾತ್ರ ಹುದ್ದೆ ಎಂದು ಮೇಲಧಿಕಾರಿ ಮೇಡಂ ಹೇಳಿದ್ದಾರಂತೆ.

"ಅತ್ತೆ ಈಗಷ್ಟೇ ವಾಕರ್ ಹಿಡಿದು ಚಲನಾ ಶುರು ಮಾಡಿದಾರೆ, ಈಗ ಬಿಟ್ಟು ಹೆಂಗೆ ಹೋಗ್ಲಿ? ಒಂದು ಸಾಲ್, ಒಂದೇ ವರ್ಷ, ಜಾಬ್ ಬಿಡ್ತೀನಿ, ನಂತರ್ ನೋಡೋಣ," ಎಂದಳು.

ನಂತರ ನೋಡೋಣ ಎಂದು ನಾನೂ ಅಂದುಕೊಂಡಿದ್ದೆ. ಆ ನಂತರ ಬರಲೇ ಇಲ್ಲ. ಅವಳ ಕೆಲಸಕ್ಕೆ ಕುತ್ತು ತಂದದ್ದು ನನ್ನ ಸೊಂಟವಲ್ಲ, ನನ್ನ ಬಾಯಿ.

ಮರುದಿನ ಹನ್ನೊಂದಕ್ಕೆ ವ್ಯಾಯಾಮ ಬೇಡವೆಂದು ಹಟ ಹಿಡಿದೆ. ಅವಳು ತನ್ನ ಕೋಣೆಗೆ ಹೋಗಿ ಕ್ಯಾಮೆರಾ ಹಾಕಿಕೊಂಡು ಕೂತಳು. ನಾನು ವಾಕರ್ ಟಕಟಕ ಎನಿಸುತ್ತ ನುಗ್ಗಿ ಅವಳ ಹಿಂದೆ ನಿಂತೆ. ಪರದೆಯ ತುಂಬ ಚೌಕ ಚೌಕವಾಗಿ ಮುಖಗಳು. ನನ್ನ ಹರಕು ಹಿಂದಿಯಲ್ಲಿ ಹೇಳಿದೆ: "ಮೇಡಂ, ಈ ಹುಡುಗಿ ಹನ್ನೊಂದಕ್ಕೆ ಮಲಗಲ್ಲ. ನನ್ನ ಕಾಲು ಹಿಡಿದು ಕೂತಿರ್ತಾಳೆ. ಹೇಳಬೇಡ ಅಂದವಳು ನಾನು. ಬೈಯೋದಾದ್ರೆ ನನ್ನನ್ನ ಬೈರಿ."

ಸೊಸೆ ತಲೆಯ ಮೇಲೆ ಕೈಹೊತ್ತಳು. ಯಾರಾದರೂ ನಗುತ್ತಾರೆಂದು ನಾನು ಹಲ್ಲು ಕಚ್ಚಿ ಕಾದೆ. ಯಾರೂ ನಗಲಿಲ್ಲ. ಮೇಡಂ ಎಂಬಾಕೆ ನನ್ನ ಮಗನ ವಯಸ್ಸಿನ ಮರಾಠಿ ಹೆಂಗಸು. ಕನ್ನಡಕ ತೆಗೆದು, "ತಪ್ಪು ತಿಳಿದದ್ದು ನಾನು. ಮೊದಲೇ ಕೇಳಬೇಕಿತ್ತು," ಎಂದಳು. ಸೊಸೆಯ ಕಡೆ ತಿರುಗಿ, "ಮೀಟಿಂಗ್ ಹನ್ನೆರಡಕ್ಕೆ ಇಡೋಣ. ನೀನು ಹನ್ನೊಂದನ್ನು ಕ್ಯಾಲೆಂಡರಿನಲ್ಲಿ ಬರೆದುಬಿಡು, ಎಲ್ಲರಿಗೂ ಕಾಣಲಿ," ಎಂದಳು.

ತಂಡದವರೆಲ್ಲ ನೋಡುವ ಆ ಕ್ಯಾಲೆಂಡರನ್ನು ಸೊಸೆ ನನಗೂ ತೋರಿಸಿದಳು. ಹನ್ನೊಂದರಿಂದ ಹನ್ನೆರಡು: ಅತ್ತೆಯ ವ್ಯಾಯಾಮ. ವಾರದೊಳಗೆ ಅದರಲ್ಲಿ ಒಬ್ಬರ ತಂದೆಯ ಡಯಾಲಿಸಿಸ್, ಇನ್ನೊಬ್ಬರ ಮಗುವಿನ ಸ್ಕೂಲ್ ಬಸ್ ಎಲ್ಲ ಸೇರಿಕೊಂಡವು. ಕೆಲಸವೇನೂ ನಿಲ್ಲಲಿಲ್ಲ. ನಮ್ಮ ಸಾಹೇಬರು ಇದನ್ನು ನೋಡಬೇಕಿತ್ತು ಎಂದು ಮನಸ್ಸಾರೆ ಅಂದುಕೊಂಡೆ.

ದೀಪಾವಳಿಗೆ ಮೊದಲೇ ಹುದ್ದೆ ಅವಳಿಗೆ ಬಂತು, ಮನೆಯಿಂದಲೇ. ಆದರೆ ಹೊಸಬರಿಗೆ ಕೆಲಸ ಕಲಿಸುವ ಹೊತ್ತು ಸರಿಯಾಗಿ ಹನ್ನೊಂದಕ್ಕೇ ಬಿತ್ತು. ಅವಳ ಮುಖ ಸಪ್ಪಗಾಯಿತು. ನಾನು ಏನೂ ಬುದ್ಧಿ ಹೇಳಲಿಲ್ಲ. ನನ್ನ ಜೀವಮಾನದಲ್ಲಿ ಅದೊಂದು ಸಾಧನೆ. ಮಗನೇ ಎದ್ದು ತನ್ನ ಲ್ಯಾಪ್‌ಟಾಪ್ ತೆರೆದ, ಕಿವಿ ಕೆಂಪು ಮಾಡಿಕೊಂಡು ಏನೋ ಬರೆದ. ಇಣುಕಿದೆ. ಹನ್ನೊಂದರಿಂದ ಹನ್ನೆರಡು: ಅಮ್ಮ.

ಮರುದಿನ ಹನ್ನೊಂದಕ್ಕೆ ಪಕ್ಕದ ಕೋಣೆಯಿಂದ ಸೊಸೆಯ ಪಾಠ ಕೇಳಿಸುತ್ತಿತ್ತು. ನನ್ನ ರಾಜೀನಾಮೆಯಲ್ಲಿ ನಾನು ಹೆಸರು ಬರೆಯದೆ ಬಿಟ್ಟಿದ್ದ ಆ ಸ್ವಂತ ಕಾರಣಕ್ಕೆ ಆಗ ಎರಡೂವರೆ ವರ್ಷ. ಈಗ ಅದು ತಲೆಗೂದಲು ನರೆತು, ನೆಲದ ಮೇಲೆ ಕೂತು, ನನ್ನ ಹಿಮ್ಮಡಿ ಹಿಡಿದು ಎಣಿಸುತ್ತಿತ್ತು.

"ಏಳು, ಎಂಟು... ಮೋಸ ಮಾಡಬೇಡಮ್ಮ, ಇನ್ನೂ ಎರಡಿದೆ."