ಪೊರೆಯ ಯಾವ ಬದಿ

ಪೊರೆಯಕ್ಕ, ವಯಸ್ಸು ಅರವತ್ತೆರಡು. ಹುಟ್ಟಿದಾಗ ಇಟ್ಟ ಹೆಸರು ಕಚೇರಿಯ ಕಡತದಲ್ಲಿ ಮಾತ್ರ ಉಳಿದಿತ್ತು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಗಳೊಬ್ಬಳು, ಮದುವೆಯಾಗಿ ಬೇರೆ ಊರು ಸೇರಿದವಳು. ಇನ್ನು ಗಂಡನ ತಂಗಿ, ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದವಳು, ಕೈನಡುಕದ ಕಾಯಿಲೆ ಅಂಟಿಕೊಂಡ ಮೇಲೆ ಇವರ ಮನೆಯ ಕಿಟಕಿ ಪಕ್ಕದ ಕೋಣೆಗೆ ಬಂದವಳು. ಪೊರೆಯಕ್ಕ ತೀರಿಕೊಂಡಾಗ, ಆಕೆ ಇಪ್ಪತ್ತೆರಡು ವರ್ಷ ದುಡಿದ ಪ್ರಯೋಗಾಲಯ ಒಂದೇ ವಾಕ್ಯದ ಸಂತಾಪ ಕಳುಹಿಸಿತು. ಅದರಲ್ಲಿ 'ಸಹಾಯಕಿ' ಎಂಬ ಮಾತು ಎರಡು ಸಲ ಇತ್ತು. ಯಾರಿಗೆ, ಯಾವುದರಲ್ಲಿ ಸಹಾಯ ಎಂಬುದನ್ನು ಬರೆಯಲು ಕಾಗದದಲ್ಲಿ ಜಾಗ ಸಾಲಲಿಲ್ಲವೇನೋ.

ಆಕೆಯ ಕೆಲಸ ಹೇಳುವುದಕ್ಕೆ ಸುಲಭ. ಉಪ್ಪುನೀರಿನ ಎರಡು ಪುಟ್ಟ ಬಟ್ಟಲು, ನಡುವೆ ಒಂದು ತೆಳು ತಡಿಕೆ, ಆ ತಡಿಕೆಯಲ್ಲಿ ಕಣ್ಣಿಗೆ ಕಾಣಿಸದಷ್ಟು ಸಣ್ಣ ತೂತು. ನಾಲ್ಕೈದು ಕೂದಲಷ್ಟೇ ಉಳಿಸಿಕೊಂಡ ಕುಂಚವನ್ನು ಕೊಬ್ಬಿನ ದ್ರಾವಣದಲ್ಲಿ ಅದ್ದಿ ಆ ತೂತಿನ ಮೇಲೆ ಒಮ್ಮೆ ಸವರಬೇಕು. ಕೊಬ್ಬು ತೆಳುವಾಗುತ್ತಾ ತೆಳುವಾಗುತ್ತಾ ಜೀವಕೋಶದ ಪೊರೆಯಂತೆಯೇ ಆಗಿ ನಿಲ್ಲಬೇಕು. ಯಾರೋ ಬಾಗಿಲು ದಬಾರನೆ ಹಾಕಿದರೆ ಒಡೆಯುತ್ತದೆ, ಜೋರಾಗಿ ಸೀನಿದರೆ ಒಡೆಯುತ್ತದೆ. ಸಂಶೋಧನಾ ವಿದ್ಯಾರ್ಥಿಗಳ ಕೈಯಲ್ಲಿ ಹತ್ತಕ್ಕೆ ಎರಡು ನಿಲ್ಲುತ್ತಿತ್ತು, ಪೊರೆಯಕ್ಕನ ಕೈಯಲ್ಲಿ ಎಂಟು. ಪ್ರಯೋಗಾಲಯದ ಮುಖ್ಯಸ್ಥರಾದ ಪ್ರೊಫೆಸರರ ಕೈಯಲ್ಲಿ ಎಷ್ಟು ನಿಲ್ಲುತ್ತಿತ್ತೆಂದು ಹೇಳಲಾಗದು. ಅವರು ಕುಂಚ ಮುಟ್ಟಿ ಹದಿನೈದು ವರ್ಷವಾಗಿತ್ತು.

ನಿಂತ ಪೊರೆಗೆ ಮೈಟೊಕಾಂಡ್ರಿಯಾದಿಂದ ತೆಗೆದ ಒಂದು ನಾಳವನ್ನು ಕೂರಿಸುತ್ತಿದ್ದರು. ಮೈಟೊಕಾಂಡ್ರಿಯಾ ಜೀವಕೋಶದ ಶಕ್ತಿ ತಯಾರಾಗುವ ಜಾಗ. ಅದರ ಹೊರಪೊರೆಯ ಈ ನಾಳಗಳ ಮೂಲಕವೇ ಕಚ್ಚಾ ಸಾಮಗ್ರಿ ಒಳಗೆ ಹೋಗಬೇಕು, ತಯಾರಾದ ಶಕ್ತಿ ಹೊರಗೆ ಬರಬೇಕು. ಮಿದುಳಿನ ಒಂದು ಪ್ರೋಟೀನು ಪೊರೆಯ ಮೇಲೆ ಮೈಚಾಚಿ ಮಲಗಿ, ತನ್ನ ಬಾಲವನ್ನು ನಾಳದೊಳಗೆ ಇಳಿಬಿಡುತ್ತದೆ. ಆರೋಗ್ಯವಂತರಲ್ಲಿ ಅದು ಕ್ಷಣಮಾತ್ರ ತಡೆದು ಬಾಲ ಎಳೆದುಕೊಳ್ಳುತ್ತದೆ. ಹೋಗಿಬರುವುದಕ್ಕೆ ಒಂದು ಹದವಿರುತ್ತದೆ. ಕೈನಡುಕದ ಕಾಯಿಲೆಯಲ್ಲಿ ಅದೇ ಪ್ರೋಟೀನು ಗುಂಪುಗೂಡಿ, ನಾಳಕ್ಕೆ ಗಂಟುಬಿದ್ದು ದಾರಿ ಕಟ್ಟುತ್ತದೆಂದು ಬಲ್ಲವರ ಅಂದಾಜು.

ಎಲ್ಲರೂ ಅದು ಹೊರಗಿನಿಂದ ದಾರಿ ಕಟ್ಟುತ್ತದೆ ಎನ್ನುತ್ತಿದ್ದ ಕಾಲದಲ್ಲಿ ಪ್ರೊಫೆಸರರು, ಅದು ಮೊದಲು ಒಳಕ್ಕೆ ದಾಟಿ ಅಲ್ಲಿಂದ ಬಾಲ ತೂರಿಸುತ್ತದೆ ಎಂದು ಸಾರಿದರು. ಎಲ್ಲರೂ ಒಂದು ಕಡೆ ನೋಡುವಾಗ ಇನ್ನೊಂದು ಕಡೆ ನೋಡುವವರಿಗೆ ದೊಡ್ಡ ವೇದಿಕೆಗಳು ಸಿಗುತ್ತವೆ, ಇವರಿಗೂ ಸಿಕ್ಕವು. ಅದೇ ಮಹಡಿಯ ಔಷಧ ವಿಭಾಗದವರು ತಮ್ಮ ಕೆಲಸವನ್ನೆಲ್ಲ ಒಳಬದಿಗೆ ತಿರುಗಿಸಿಕೊಂಡರು.

ಪೊರೆಯಕ್ಕನಿಗೆ ಮಾತ್ರ ಒಂದು ಸಂಗತಿ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಪ್ರೋಟೀನನ್ನು ಹಾಕುತ್ತಿದ್ದುದು ಎಡಗಡೆ ಬಟ್ಟಲಿಗೆ, ಅಂದರೆ ಪೊರೆಯ ಹೊರಬದಿಗೆ. ಅದರ ಬಾಲದ ವಿದ್ಯುತ್ತು ಋಣ. ಹಾಗಾದರೆ ಬಲಗಡೆ ಧನವಾದಾಗ ಬಾಲ ಆ ಕಡೆ ಸೆಳೆಯಲ್ಪಟ್ಟು ನಾಳ ಮುಚ್ಚಬೇಕು. ಅಳತೆಯ ಪರದೆಯ ಮೇಲೆ ಕಾಣುತ್ತಿದ್ದುದು ತದ್ವಿರುದ್ಧ. ಪ್ರೋಟೀನು ಬಲಗಡೆಗೆ ದಾಟಿ ಅಲ್ಲಿಂದ ಬಾಲ ತೂರಿಸುತ್ತದೆಂದು ಪ್ರೊಫೆಸರರು ಹೇಳಿದ್ದು ಇದನ್ನು ನೋಡಿಯೇ.

ಆಕೆ ಕೇಳಿದಳು. ಪ್ರೊಫೆಸರರು ನಕ್ಕರು. "ಅಕ್ಕ, ನಿಮ್ಮ ಕೈ ಚಿನ್ನ. ತಲೆ ಕೆಲಸ ನಮಗೆ ಬಿಡಿ."

ಆಕೆ ಬಿಟ್ಟಳು, ಊಟದ ಬಿಡುವಿನ ತನಕ. ಎಲ್ಲರೂ ಕ್ಯಾಂಟೀನಿಗೆ ಹೋದ ಮೇಲೆ ಗೋಡೆ ಗಡಿಯಾರದ ಸೆಲ್ಲು ಬಿಚ್ಚಿ, ನಡುವೆ ವಿದ್ಯುತ್ತು ತಗ್ಗಿಸುವ ಒಂದು ರೆಸಿಸ್ಟರ್ ಇಟ್ಟು, ಬಟ್ಟಲುಗಳಲ್ಲಿ ಅದ್ದಿದ ಎರಡು ವೈರಿಗೆ ಮುಟ್ಟಿಸಿದಳು. ಧನ ಕೊಟ್ಟ ಕಡೆ ಪರದೆ ಋಣ ತೋರಿಸಿತು. ಬೆರಳಿನಿಂದ ವೈರುಗಳನ್ನು ಸವರುತ್ತಾ ವಿದ್ಯುತ್ತು ಅಳೆಯುವ ಪೆಟ್ಟಿಗೆಯ ಹಿಂಬದಿಗೆ ಹೋದಳು. ಎರಡೂ ಅದಲುಬದಲಾಗಿದ್ದವು. ಹದಿನಾಲ್ಕು ತಿಂಗಳ ಹಿಂದೆ, ಮಗಳ ಹೆರಿಗೆಗೆಂದು ಆಕೆ ನಾಲ್ಕು ದಿನ ರಜೆ ಹೋಗಿದ್ದಾಗ, ರಿಪೇರಿಯಾಗಿ ಬಂದ ಆ ಪೆಟ್ಟಿಗೆಯನ್ನು ಪ್ರೊಫೆಸರರು ಸ್ವತಃ ಜೋಡಿಸಿದ್ದರು. ತಾವು ಯಾರನ್ನೂ ಕಾಯುವವರಲ್ಲ ಎಂದು ಆ ವಾರವೆಲ್ಲ ಸಿಕ್ಕಸಿಕ್ಕವರಿಗೆ ಹೇಳಿಕೊಂಡಿದ್ದರಂತೆ.

ಸಂಜೆ ಮನೆಯಲ್ಲಿ ಚಹಾದ ಲೋಟವನ್ನು ಅರ್ಧಕ್ಕೆ ತುಂಬಿ ನಾದಿನಿಯ ಕೈಗೆ ಕೊಟ್ಟಳು. ಪೂರ್ತಿ ತುಂಬಿದರೆ ಅರ್ಧ ಪಾಲು ನೆಲಕ್ಕೆ ಹೋಗುತ್ತಿತ್ತು.

"ಏನತ್ತಿಗೆ, ಮುಖ ಗಂಟಿಕ್ಕಿಕೊಂಡಿದೆ? ಇವತ್ತು ಎಷ್ಟು ಒಡೆದ್ರಿ?"

ಪೊರೆಯಕ್ಕ ನಡೆದುದನ್ನು ಹೇಳಿದಳು.

"ಅಂದ್ರೆ ನನ್ನ ಕಾಯಿಲೆ ಮುಂಬಾಗಿಲಲ್ಲಿ ಕೂತಿದೆ, ನಿಮ್ಮ ವಿದ್ವಾಂಸರು ಹಿತ್ತಲಲ್ಲಿ ಹುಡುಕ್ತಿದ್ದಾರೆ."

"ಹಾಗೇ ಅಂತ ಇಟ್ಕೋ."

ಗಂಡ ಪತ್ರಿಕೆ ಮಡಚಿದ. "ನಮ್ಮ ಡಿಪೋದಲ್ಲಿ ವೈರು ಉಲ್ಟಾ ಆದ್ರೆ ಬಸ್ಸು ಸ್ಟಾರ್ಟೇ ಆಗಲ್ಲ. ನಿಮ್ಮಲ್ಲಿ ಸನ್ಮಾನ ಆಗುತ್ತೆ, ನೋಡು."

"ನೀವು ಸುಮ್ನಿರಿ. ಬಾಯಿ ಬಿಟ್ರೆ ಮುಂದಿನ ತಿಂಗಳು ಸಹಿ ಬೀಳಲ್ಲ," ಎಂದಳು ಆಕೆ. ವರ್ಷಕ್ಕೊಮ್ಮೆ ಪ್ರೊಫೆಸರರು ಸಹಿ ಹಾಕಿದರಷ್ಟೇ ಮುಂದುವರಿಯುವ ಹುದ್ದೆ ಅದು.

ನಾದಿನಿ ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. "ನನಗೋಸ್ಕರ ಅಂತ ಏನೂ ಮಾಡೋಕೆ ಹೋಗಬೇಡಿ. ಆಮೇಲೆ ದಿನಾ ನಿಮ್ಮ ಉಪಕಾರ ನೆನೀತಾ ಕೂರಬೇಕಾಗುತ್ತೆ."

"ನಿನಗೋಸ್ಕರ ಯಾರು ಮಾಡ್ತಾರೆ? ನಾನು ನಿಲ್ಲಿಸಿದ ಪೊರೆ ಸುಳ್ಳು ಹೇಳಬಾರದು, ಅಷ್ಟೇ."

ಮರುದಿನ ಪ್ರೊಫೆಸರರ ಕೋಣೆಯ ಬಾಗಿಲು ಮುಚ್ಚಿ, ಎಲ್ಲವನ್ನೂ ಒಪ್ಪಿಸಿದಳು. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು.

"ಚಿಹ್ನೆ ತಾನೇ ಅಕ್ಕ? ಕೂಡೋದರ ಬದಲು ಕಳೆಯೋದು."

"ಆ ಚಿಹ್ನೆ ಮೇಲೇ ಅಲ್ವಾ ಸಾರ್, ನಿಮ್ಮ ಸಿದ್ಧಾಂತ ನಿಂತಿರೋದು?"

"ಒಂದು ಕೆಲಸ ಮಾಡಿ. ವೈರು ಹೋದ ವಾರ ಅದಲುಬದಲಾಯ್ತು, ನೆಲ ಒರೆಸೋ ಹೆಂಗಸಿನ ಕೈ ತಗುಲಿರಬೇಕು ಅಂತ ಬರೆದುಕೊಡಿ. ಮುಂದಿನ ಲೇಖನದಲ್ಲಿ ನಿಮ್ಮ ಹೆಸರೂ ಹಾಕ್ತೀನಿ."

"ಹೋದ ವಾರ ಆಕೆ ರಜೆಯಲ್ಲಿದ್ದಳು ಸಾರ್. ನೀವೇ ಮಂಜೂರು ಮಾಡಿದ್ರಿ."

"ಹಾಗಾದ್ರೆ ಇನ್ಯಾರನ್ನಾದರೂ ಬರೀರಿ!"

ಸತ್ಯದ ಅನ್ವೇಷಣೆಯಲ್ಲಿ ಇಷ್ಟು ಉದಾರವಾದ ಅವಕಾಶ ಎಲ್ಲರಿಗೂ ಒದಗುವುದಿಲ್ಲ. ಪೊರೆಯಕ್ಕ ಅದನ್ನು ಬಳಸಿಕೊಳ್ಳಲಿಲ್ಲ. ಎದ್ದು ಬಂದು ಕುಂಚ ತೊಳೆದಳು.

ಹತ್ತು ದಿನಗಳಲ್ಲಿ, ಪ್ರೊಫೆಸರರಿಗೆ ದೊಡ್ಡದೊಂದು ಪುರಸ್ಕಾರ ಕೊಡಬಹುದೇ ಎಂದು ನೋಡಲು ಇಬ್ಬರು ಪರೀಕ್ಷಕರು ಬಂದರು. ಅವರಲ್ಲಿ ಹಿರಿಯರಾದ ಹೆಂಗಸು, ಪ್ರಯೋಗವನ್ನು ಕಣ್ಣಾರೆ ನೋಡಬೇಕೆಂದರು. ಪ್ರೊಫೆಸರರು ಪೊರೆಯಕ್ಕನ ಕಡೆ ನೋಡಿದರು. ಬೇರೆ ಯಾರ ಕಡೆ ನೋಡಿಯೂ ಉಪಯೋಗವಿರಲಿಲ್ಲ. ಹುದ್ದೆಯ ಮುಂದುವರಿಕೆಯ ಕಾಗದ ಅವರ ಮೇಜಿನ ಮೇಲೆಯೇ ಇದೆ ಎಂದು ಆ ದಿನ ಬೆಳಿಗ್ಗೆ ಎರಡು ಸಲ ನೆನಪಿಸಿದ್ದರು.

ಆಕೆ ಜೇಬಿನಿಂದ ಹೊಸ ಸೆಲ್ಲು ತೆಗೆದಳು. "ಮೊದಲು ವೈರು ಪರೀಕ್ಷೆ ಮಾಡ್ತೀನಿ ಮೇಡಂ. ಎಡಗಡೆಗೆ ಧನ ಕೊಡ್ತಿದ್ದೀನಿ."

ಪರದೆ ಋಣ ತೋರಿಸಿತು.

"ಇದು ಯಾವಾಗಿಂದ ಹೀಗಿದೆ?" ಹಿರಿಯರು ಕೇಳಿದರು.

"ಹದಿನಾಲ್ಕು ತಿಂಗಳಿಂದ."

"ಯಾರು ಜೋಡಿಸಿದ್ದು?"

ಪೊರೆಯಕ್ಕ ವೈರುಗಳನ್ನು ಬಿಚ್ಚತೊಡಗಿದಳು. ಉತ್ತರಿಸುವ ಕೆಲಸವನ್ನು ಪ್ರೊಫೆಸರರ ಕೆಂಪಗಾದ ಕಿವಿ ಮಾಡಿತು.

ಆಕೆ ವೈರುಗಳನ್ನು ಸರಿಯಾಗಿ ಜೋಡಿಸಿ ಕುಂಚ ಎತ್ತಿಕೊಂಡಳು. ಮೊದಲ ಪೊರೆ ಒಡೆಯಿತು. ಎರಡನೆಯದೂ ಒಡೆಯಿತು. ಪ್ರೊಫೆಸರರು "ಇನ್ನೊಂದು ದಿನ ನೋಡಿದರಾಯಿತು" ಎಂದು ಆಸೆಯಿಂದ ಬಾಯಿ ಹಾಕಿದರು. ಆಕೆ ಮೊಣಕೈಯನ್ನು ಮೇಜಿಗೆ ಊರಿ ಮತ್ತೆ ಸವರಿದಳು. ಮೂರನೆಯದು ನಿಂತಿತು. ನಾಳ ಕೂತಿತು. ಪ್ರೋಟೀನು ಬಿದ್ದ ಸ್ವಲ್ಪ ಹೊತ್ತಿಗೆ, ನಾಳ ಮುಚ್ಚಿ ತೆರೆದಂತೆಲ್ಲ ಪರದೆಯ ಗೆರೆ ಕುಸಿಯುತ್ತಾ ಏಳುತ್ತಾ ಕುಣಿಯತೊಡಗಿತು, ಬಲಗಡೆ ಧನವಾದಾಗ ಮಾತ್ರ.

"ಪ್ರೋಟೀನು ಎಲ್ಲೂ ದಾಟಿಲ್ಲ. ಹಾಕಿದ ಕಡೆಯಿಂದಲೇ, ಹೊರಗಿನಿಂದಲೇ ಬಾಲ ಇಳಿಸ್ತಿದೆ," ಎಂದರು ಹಿರಿಯರು.

"ನನಗೂ ಮೊದಲಿಂದ ಅದೇ ಅನುಮಾನ ಇತ್ತು," ಎಂದರು ಪ್ರೊಫೆಸರರು.

ತಿದ್ದುಪಡಿ ಪ್ರಕಟವಾಯಿತು: 'ಉಪಕರಣದಿಂದ ಉಂಟಾದ ವ್ಯತ್ಯಾಸ'. ಉಪಕರಣ ಪ್ರತಿಭಟಿಸಲಿಲ್ಲ. ಮರುವರ್ಷ ಪ್ರೊಫೆಸರರು ಹೊರಗಿನಿಂದಲೇ ಎಂದು ಇನ್ನೊಂದು ಲೇಖನ ಬರೆದು, ತಪ್ಪನ್ನು ಒಪ್ಪಿಕೊಳ್ಳುವ ಧೈರ್ಯಕ್ಕಾಗಿ ಸನ್ಮಾನಿತರಾದರು. ಪೊರೆಯಕ್ಕನ ಕಾಗದಕ್ಕೆ ಸಹಿ ಬೀಳಲಿಲ್ಲ. ಆಕೆ ಕೇಳಲೂ ಇಲ್ಲ. ಮನೆಯಲ್ಲಿ ನಾಲ್ಕು ವರ್ಷ ನಾದಿನಿಯೊಡನೆ ಜಗಳವಾಡಿಕೊಂಡು ಸುಖವಾಗಿದ್ದು, ಮೂರು ದಿನದ ಜ್ವರದಲ್ಲಿ ಹೊರಟುಹೋದಳು.

ಆಕೆ ಬಿಟ್ಟುಹೋದದ್ದು:

ಓದುವ ಕನ್ನಡಕ ಎರಡು, ಒಂದಕ್ಕೆ ಕಡ್ಡಿಯಿಲ್ಲ.

ಇನ್ನೂ ಅನ್ನದ ನೀರಿನ ಅಳತೆ ತಿಳಿಯದ ಗಂಡ.

ತಾಯಿಯ ಮೂಗನ್ನೂ ಹಟವನ್ನೂ ಪಡೆದ ಮಗಳು.

ವಾದಕ್ಕೆ ಜನ ಸಿಗದೆ ರೇಡಿಯೋ ಜೊತೆ ಜಗಳವಾಡುವ ನಾದಿನಿ.

ಪ್ರಯೋಗಾಲಯದಲ್ಲಿ ಒಂದು ಖಾಲಿ ಸ್ಟೂಲು. ಅದರ ಎದುರಿಗೆ ಪೊರೆ ಮಾಡುವ ಹೊಸ ಯಂತ್ರ, ಹತ್ತಕ್ಕೆ ಮೂರು.

ಔಷಧ ವಿಭಾಗದಲ್ಲಿ ಹೊರಬದಿಯಿಂದ ಮತ್ತೆ ಶುರುವಾದ ಕೆಲಸ. ಫಲ ಸಿಗುವುದೋ ಇಲ್ಲವೋ ತಿಳಿಯದು. ಹುಡುಕುತ್ತಿರುವುದು ಮಾತ್ರ ಸರಿಯಾದ ಕಡೆ.