ಜಯಂತಿ ಆರಿಸಿದ ಬೀಜ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೂಡಿಗೆರೆಯ ತರಬೇತಿ ಕೇಂದ್ರವೊಂದರಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದೆ. ಆಗೆಲ್ಲ ಬುದ್ಧಿಮಾಂದ್ಯರೆಂದು ಕರೆಯುತ್ತಿದ್ದ ಯುವಕ ಯುವತಿಯರಿಗೆ ಒಂದು ಕೆಲಸ ಕಲಿಸುವ ಕೇಂದ್ರ ಅದು. ಕಲಿಸುವುದು ಅರ್ಧ ಕೆಲಸ. ಕಲಿತವರನ್ನು ಸೇರಿಸಿಕೊಳ್ಳಿ ಎಂದು ಊರವರ ಹತ್ತಿರ ಜಗಳವಾಡುವುದು ಇನ್ನರ್ಧ. ಜಗಳದಲ್ಲಿ ನಾನು ಸ್ವಲ್ಪ ಗಟ್ಟಿಗಿತ್ತಿ.

ಜಯಂತಿಗೆ ಆಗ ಇಪ್ಪತ್ತೆರಡು ವರ್ಷ. ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯ ಹುಡುಗಿ. ಬೆಳಿಗ್ಗೆ ಅಲ್ಲಿನ ಹೆಂಗಸರನ್ನು ತುಂಬಿಕೊಂಡು ಆಲ್ದೂರಿನ ಕಾಫಿ ಗೋದಾಮಿಗೆ ಜೀಪು ಹೊರಟರೆ ಗೇಟಿನ ತನಕ ಹಿಂದೆ ಓಡುತ್ತಿದ್ದಳು.

"ಅದ್ರಲ್ಲಿ ಇವ್ಳಿಗೂ ಒಂದು ಜಾಗ ಆಗ್ಬೇಕು ಟೀಚರ್, ಅಷ್ಟೇ," ಎಂದಿದ್ದರು ಅವಳ ತಾಯಿ.

ಕಾಫಿ ಬೀಜವನ್ನು ಮೊರದಲ್ಲಿ ಹರಡಿ, ಕಪ್ಪು ಬೀಜ, ಒಡಕು ಬೀಜ ಆರಿಸುವುದನ್ನು ಕಲಿಸಿದೆವು. ವರ್ಷ ಹಿಡಿಯಿತು. ಆಮೇಲೆ ಅವಳ ಕಣ್ಣು ತಪ್ಪಿಸಿ ಒಂದು ಕಪ್ಪು ಬೀಜವೂ ಹೋಗುತ್ತಿರಲಿಲ್ಲ.

ಗೋದಾಮಿನ ಯಜಮಾನ ಹಮೀದ್ ಸಾಹೇಬರ ಬೆನ್ನು ಬಿದ್ದು ಅವಳನ್ನು ಹೆಂಗಸರ ಸಾಲಿನಲ್ಲಿ ಕೂರಿಸಿದೆ. ಮೊದಲ ಸಂಜೆಯೇ ಅವರ ಫೋನ್ ಬಂತು. ದಿನವಿಡೀ ಚೆನ್ನಾಗಿ ಆರಿಸಿದ ಜಯಂತಿ, ಹೊರಡುವ ಮುಂಚೆ ಕಪ್ಪು ಬೀಜವನ್ನೆಲ್ಲ ಒಳ್ಳೆ ಬೀಜಕ್ಕೆ ಸುರಿದು ಕಲಸಿಬಿಟ್ಟಿದ್ದಳು.

"ನಾಳೆಯಿಂದ ಕಳಿಸ್ಬೇಡಿ ಮೇಡಂ."

ನನಗೆ ನಗುವೂ ಬಂತು, ಅಳುವೂ ಬಂತು. ಕೇಂದ್ರದಲ್ಲಿ ನಮಗಿದ್ದದ್ದು ಒಂದೇ ಚೀಲ ಬೀಜ. ಸಂಜೆ ಎಲ್ಲ ಕಲಸಿಟ್ಟರೆ ತಾನೇ ಮರುದಿನದ ಪಾಠ? ಕೆಲಸ ಮುಗಿಯುವುದೇ ಹಾಗೆ ಎಂದುಕೊಂಡಿದ್ದಳು ಅವಳು.

ಬೇಡವೆಂದರೂ ಮರುದಿನ ಕರೆದುಕೊಂಡೇ ಹೋದೆ.

"ಅವ್ಳು ಕಲಿತದ್ದನ್ನೇ ಮಾಡಿದ್ದಾಳೆ ಸಾಹೇಬ್ರೆ. ಆರಿಸಿದ ಬೀಜ ಹೊರಗೆ ಹೋಗೋದನ್ನ ಅವ್ಳು ಕಂಡೇ ಇಲ್ಲ. ಒಂದ್ಸಲ ತೋರ್ಸೋಣ."

ಗೊಣಗುತ್ತಲೇ ಒಪ್ಪಿದರು. ಆ ಸಂಜೆ ಅವಳು ಆರಿಸಿದ್ದನ್ನು ಅವಳ ಕೈಯಿಂದಲೇ ಚೀಲಕ್ಕೆ ತುಂಬಿಸಿ, ಬಾಯಿ ಹೊಲಿಸಿ, ಲಾರಿಗೆ ಏರಿಸಿದರು. ಲಾರಿ ಹೊರಟಾಗ ಜಯಂತಿ ಗೇಟಿನ ತನಕ ಹಿಂದೆ ಓಡಿದಳು.

"ನಂದು ಹೋಯ್ತು ಟೀಚರ್. ವಾಪಸ್ ಬರಲ್ವಾ?"

"ಬರಲ್ಲ ಕಣೇ."

ಅವಳು ನಕ್ಕಳು. ಮತ್ತೆಂದೂ ಬೀಜ ಕಲಸಲಿಲ್ಲ. ಜೀಪಿನಲ್ಲಿ ಅವಳ ಜಾಗ ಅವಳದೇ ಆಯಿತು.

ಕೆಲವು ವರ್ಷಗಳ ನಂತರ ಗೋದಾಮಿಗೆ ಬೀಜ ಆರಿಸುವ ಯಂತ್ರ ಬಂತು, ಹೆಂಗಸರ ಸಾಲು ಕರಗಿತು. ಜಯಂತಿಯೂ ತಾಯಿಯೂ ಕಳಸದ ಕಡೆ ಹೋದರೆಂದು ಕೇಳಿದೆ. ನಿವೃತ್ತಳಾದ ಮೇಲೆ ಹುಡುಕಿದರೂ ಸಿಗಲಿಲ್ಲ. ಆಲ್ದೂರಿನಲ್ಲಿ ಬಸ್ಸು ನಿಂತಾಗಲೆಲ್ಲ ಆ ಗೋದಾಮಿನ ಗೇಟಿನತ್ತ ನೋಡುತ್ತೇನೆ. ಒಮ್ಮೆ, ಒಂದೇ ಒಂದು ಸಲ, ಅವಳನ್ನು ನೋಡಬೇಕೆನಿಸುತ್ತದೆ.

ಸಂಜೆ ಕಲಸಿಬಿಡುವ ಕೆಲಸವನ್ನು ಜಯಂತಿಯ ನಂತರ ನಾನು ಯಾರಿಗೂ ಕಲಿಸಲಿಲ್ಲ.